ಕಪ್ಪಾದ ಪರದೆಯ ಚರಿತ್ರೆ



ಕಂಪ್ಯೂಟರಿನಲ್ಲಿ ಆಟವಾಡುತ್ತಿರುವಾಗ ಪರದೆ ಇದ್ದಕ್ಕಿದ್ದಂತೆ ಕಪ್ಪಾಗುವುದು, ಕೆಲವೊಮ್ಮೆ ಯಂತ್ರವೇ ನಿಂತುಹೋಗುವುದು ಏಕೆ ಎಂದು ಈ ವರ್ಷ ನಿಮ್ಮಲ್ಲಿ ಮೂವರು ನನ್ನನ್ನು ಕೇಳಿದ್ದೀರಿ. ಮೂವರೂ ಕೇಳಿದ್ದು ತಮಗಾಗಿ ಅಲ್ಲ, ಮಕ್ಕಳಿಗಾಗಿ. ಸಮಾಜ ವಿಜ್ಞಾನ ಕಲಿಸಿದ ಮೇಷ್ಟ್ರನ್ನು ಇದನ್ನೆಲ್ಲ ಕೇಳುವುದೇ ಎಂದು ಉಳಿದವರು ನಗಬಹುದು. ಆದರೆ ಯೋಚಿಸಿ ನೋಡಿ. ಒಂದು ಘಟನೆ ನಡೆದಿದೆ. ನಡೆದ ಗಳಿಗೆಯಲ್ಲಿ ಅದರ ಕಾರಣವನ್ನು ಕಂಡವರಿಲ್ಲ. ಒಂದೆರಡು ಕುರುಹುಗಳು ಮಾತ್ರ ಉಳಿದಿವೆ. ಅವುಗಳನ್ನು ಹಿಡಿದು ಹಿಂದಕ್ಕೆ ನಡೆಯಬೇಕು. ಇದು ಚರಿತ್ರೆಯ ಕೆಲಸವಲ್ಲದೆ ಮತ್ತೇನು?

ಮೊದಲಿಗೆ ಕತ್ತಲೆ ಎಂಥದ್ದು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಹೊರಗಿನಿಂದ ಎಲ್ಲ ಕತ್ತಲೆಯೂ ಒಂದೇ ರೀತಿ ಕಾಣುತ್ತದೆ. ಒಳಗೆ ಅವು ಬೇರೆಬೇರೆ. ಪರದೆ ಕಪ್ಪಾಗಿದೆ, ಆದರೆ ಆಟದ ಸದ್ದು ಕೇಳುತ್ತಿದೆ ಎಂದರೆ ಯಂತ್ರ ಬದುಕಿದೆ. ಕೇಬಲ್ಲು, ಮಾನಿಟರು ಅಥವಾ ಗ್ರಾಫಿಕ್ಸ್ ಕಾರ್ಡಿನ ಕಡೆ ನೋಡಬೇಕು. ಪರದೆ ಒಂದೆರಡು ಸೆಕೆಂಡು ಕಪ್ಪಾಗಿ ಮತ್ತೆ ಬೆಳಗಿತು, ಆಟ ಮಾತ್ರ ಮುಚ್ಚಿಹೋಯಿತು ಎಂದರೆ ಅದು ವಿಂಡೋಸ್ ತಾನೇ ಮಾಡಿದ ಕೆಲಸ. ವಿಂಡೋಸ್ ವಿಸ್ಟಾ ಕಾಲದಿಂದ, ಅಂದರೆ 2007ರಿಂದ, ಈ ಏರ್ಪಾಡು ಇದೆ. ಗ್ರಾಫಿಕ್ಸ್ ಕಾರ್ಡು ಸುಮಾರು 2 ಸೆಕೆಂಡು ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ನಡೆಸುವ ಡ್ರೈವರನ್ನು ನಿಲ್ಲಿಸಿ ಮತ್ತೆ ಎಬ್ಬಿಸುತ್ತದೆ. ಮೂರನೆಯದು ಪೂರ್ತಿ ಕತ್ತಲೆ: ಫ್ಯಾನು, ದೀಪ, ಸದ್ದು ಎಲ್ಲವೂ ಒಟ್ಟಿಗೆ ನಿಲ್ಲುವುದು. ಇಂಥಲ್ಲಿ ವಿದ್ಯುತ್ ಬರುವ ದಾರಿಯನ್ನೇ ಮೊದಲು ಶಂಕಿಸಬೇಕು. ಕಂಪ್ಯೂಟರ್ ಅಂಗಡಿಗೆ ಹೋಗಿ "ಡಿಸ್ಪ್ಲೇ ಹೋಗುತ್ತೆ" ಎಂದಷ್ಟೇ ಹೇಳಿದರೆ ಈ ಮೂರೂ ಒಂದೇ ಚೀಟಿಯಲ್ಲಿ ಬರೆಯಲ್ಪಡುತ್ತವೆ. ಖರ್ಚು ಹುಟ್ಟುವುದು ಅಲ್ಲಿಯೇ.

ನಮ್ಮ ಕಳಲೆಯಲ್ಲೇ ನಡೆದ ಒಂದು ಪ್ರಸಂಗ ಹೇಳುತ್ತೇನೆ. ಹೆಸರು ಬೇಡ, ಊರಿನವರಿಗೆ ಗೊತ್ತಾದರೆ ಆಗಲಿ. ನನ್ನ ಹಳೆಯ ಶಿಷ್ಯರೊಬ್ಬರ ಮಗ ಮೈಸೂರಿನಲ್ಲಿ ಅನಿಮೇಷನ್ ಕಲಿಯುತ್ತಾನೆ. ತಂದೆ ಡೇರಿಗೆ ಹಾಕಿದ ಹಾಲಿನ ಹಣ ಕೂಡಿಟ್ಟು ಮಗನಿಗೆ ಒಂದು ಕಂಪ್ಯೂಟರು ಜೋಡಿಸಿಕೊಟ್ಟರು. ಗ್ರಾಫಿಕ್ಸ್ ಕಾರ್ಡು ಮಾತ್ರ ಬಳಸಿದ್ದು, ಅಗ್ಗಕ್ಕೆ ಸಿಕ್ಕಿದ್ದು. ಹುಡುಗ ಹಗಲು ಪಾಠದ ಕೆಲಸ ಮಾಡುತ್ತಾನೆ, ಸಂಜೆ ಒಂದು ಗಂಟೆ ಆಟವಾಡುತ್ತಾನೆ. ಪಾಠದ ಹೊತ್ತಿನಲ್ಲಿ ಒಮ್ಮೆಯೂ ಏನೂ ಆಗಿಲ್ಲ. ಆಟದ ಹೊತ್ತಿನಲ್ಲಿ ಮಾತ್ರ ಎಲ್ಲವೂ ಆರಿಹೋಗುತ್ತದೆ. ತಂದೆಯ ತೀರ್ಪು ಸಿದ್ಧವಾಗಿತ್ತು: "ಆಟ ಆಡಿ ಆಡಿ ಮಿಷಿನ್ನೇ ಸುಟ್ಟಾಕವ್ನೆ ಸಾ." ಮೈಸೂರಿನ ಅಂಗಡಿಯೊಂದರಲ್ಲಿ ಎರಡು ದಿನ ಇಟ್ಟುಕೊಂಡು ನೋಡಿದರು. ಅಲ್ಲಿ ಒಮ್ಮೆಯೂ ಆರಲಿಲ್ಲ. ಆದರೂ ಕಾರ್ಡು ಬದಲಿಸುವುದು ವಾಸಿ, 28 ಸಾವಿರ ಆಗುತ್ತದೆ ಎಂದರು. ತಂದೆ ಹಸು ಮಾರುವ ಮಾತಾಡಿದರು. ಮಗ ಮಾತನ್ನೇ ಬಿಟ್ಟ. ಮನೆಯಲ್ಲಿ ಹದಿನೈದು ದಿನ ಅಪ್ಪ ಮಗನ ನಡುವೆ ಅಡುಗೆಮನೆಯ ಮೂಲಕವೇ ಸಂದೇಶ ಹೋಗಿ ಬರುತ್ತಿತ್ತು.

ಅಂಗಡಿಯ ಮೇಜಿನ ಮೇಲೆ ಆರದ ಯಂತ್ರ ಮನೆಯ ಮೇಜಿನ ಮೇಲೆ ಆರುತ್ತದೆ ಎಂಬ ಒಂದು ಸಂಗತಿಯಲ್ಲೇ ಅರ್ಧ ಉತ್ತರವಿತ್ತು. ಬದಲಾದದ್ದು ಕಾರ್ಡಲ್ಲ, ಜಾಗ. ನಾನು ಹುಡುಗನಿಗೆ ಹೇಳಿದ್ದು ಇಷ್ಟೇ: ಒಂದು ನೋಟ್‌ಬುಕ್ ತೆಗೆದುಕೊ, ಪ್ರತಿಸಲ ಆರಿದಾಗ ದಿನಾಂಕ, ಗಂಟೆ, ನಿಮಿಷ ಬರೆ; ಆಗ ಮನೆಯಲ್ಲಿ ಬೇರೇನು ನಡೆಯುತ್ತಿತ್ತು ಎಂಬುದನ್ನೂ ಬರೆ. ನಿಮಗೆಲ್ಲ ಎಂಟನೇ ತರಗತಿಯಲ್ಲಿ ಕಾಲಾನುಕ್ರಮಣಿಕೆ ಬರೆಸಿ ಬರೆಸಿ ಬೇಸರ ಹಿಡಿಸಿದ್ದೆನಲ್ಲ, ಅದೇ.

ವಿಂಡೋಸ್ ಕೂಡ ತನ್ನದೇ ಒಂದು ದಿನಚರಿ ಬರೆದಿಟ್ಟಿರುತ್ತದೆ; ಅದಕ್ಕೆ ಈವೆಂಟ್ ವ್ಯೂವರ್ ಎಂದು ಹೆಸರು. ಹುಡುಗ ಅದನ್ನು ತೆರೆದು ತೋರಿಸಿದ. ಕರ್ನಲ್-ಪವರ್ 41 ಎಂಬ ನಮೂದು ಮತ್ತೆ ಮತ್ತೆ ಇತ್ತು. ಅಂತರಜಾಲದಲ್ಲಿ ಅನೇಕರು ಈ 41 ಎಂಬುದನ್ನೇ ರೋಗದ ಹೆಸರೆಂದು ತಿಳಿಯುತ್ತಾರೆ. ಅದು ಹೇಳುವುದು ಯಂತ್ರ ಕ್ರಮಬದ್ಧವಾಗಿ ಮುಚ್ಚಿಕೊಳ್ಳದೆ ನಿಂತಿತು ಎಂದು ಮಾತ್ರ. ನಮ್ಮ ಊರುಗಳ ಬದಿಯಲ್ಲಿ ನಿಂತಿರುವ ವೀರಗಲ್ಲುಗಳನ್ನು ನೆನೆಯಿರಿ. ಅನೇಕ ಕಲ್ಲುಗಳಲ್ಲಿ ಅಕ್ಷರವೇ ಇರುವುದಿಲ್ಲ. ಇಲ್ಲೊಬ್ಬ ಬಿದ್ದ ಎಂಬುದಷ್ಟೇ ಖಚಿತ; ಯಾರ ಕೈಯಿಂದ, ಏತಕ್ಕಾಗಿ ಎಂಬುದನ್ನು ಬೇರೆ ಕಡೆ ಹುಡುಕಬೇಕು.

ಮೂರು ವಾರದಲ್ಲಿ 11 ನಮೂದುಗಳಾದವು. ಅವುಗಳಲ್ಲಿ 9 ಸಂಜೆ ಆರರಿಂದ ಏಳರ ನಡುವಿನವು. ಪಕ್ಕದ ಕಾಲಂನಲ್ಲಿ ಹುಡುಗ ಬರೆದಿದ್ದ: "ಲೈಟು ಮಂಕಾಯಿತು." ಅವರ ಬೀದಿಯ ಕೊನೆಯಲ್ಲಿ ರಾಗಿ ಬೀಸುವ ಮಿಲ್ಲಿದೆ. ಕೂಲಿ ಮುಗಿಸಿ ಬಂದವರು ಚೀಲ ಹೊತ್ತು ಬರುವುದು ಸಂಜೆಯೇ. ಮಿಲ್ಲಿನ ಮೋಟಾರು ಓಡುತ್ತಿರುವಾಗ ಎಳೆಯುವ ಕರೆಂಟಿಗಿಂತ ಹೊರಡುವ ಗಳಿಗೆಯಲ್ಲಿ ಐದಾರು ಪಟ್ಟು ಹೆಚ್ಚು ಎಳೆಯುತ್ತದೆ. ಆಗ ಬೀದಿಯ ವೋಲ್ಟೇಜು ಕುಸಿಯುತ್ತದೆ. ಕುಸಿದೊಡನೆ ಹುಡುಗನ ಮೇಜಿನ ಕೆಳಗಿನ ಯು.ಪಿ.ಎಸ್. ಬ್ಯಾಟರಿಗೆ ಬದಲಾಗುತ್ತದೆ. ಅದು 600 ವಿ.ಎ. ಎಂದು ಬರೆದಿದ್ದ ಹಳೆಯ ಪೆಟ್ಟಿಗೆ. ನಿಜವಾಗಿ ಹೊರಬಲ್ಲದ್ದು 360 ವ್ಯಾಟ್. ಬ್ಯಾಟರಿಗೆ ನಾಲ್ಕು ವರ್ಷ ವಯಸ್ಸು. ಪಾಠದ ಕೆಲಸಕ್ಕೆ ಯಂತ್ರ ನೂರು ವ್ಯಾಟಿನಷ್ಟು ತೆಗೆದುಕೊಂಡರೆ ಹೆಚ್ಚು. ಆ ಮುದಿ ಬ್ಯಾಟರಿ ಅಷ್ಟನ್ನು ಹೊರುತ್ತಿತ್ತು. ಆಟದ ಹೊತ್ತಿನಲ್ಲಿ ಕಾರ್ಡು, ಪ್ರೊಸೆಸರು, ಮಾನಿಟರು ಸೇರಿ ಬೇಡಿಕೆ ಮುನ್ನೂರೈವತ್ತನ್ನು ಮುಟ್ಟುತ್ತಿತ್ತು. ಆಗ ಕೈಚೆಲ್ಲಿ ಕೂರುತ್ತಿತ್ತು. ಆಟವೊಂದೇ ಇದ್ದರೆ ಆರುತ್ತಿರಲಿಲ್ಲ, ಮಿಲ್ಲೊಂದೇ ಇದ್ದರೆ ಆರುತ್ತಿರಲಿಲ್ಲ. ಎರಡೂ ಒಂದೇ ಗಳಿಗೆಯಲ್ಲಿ ಕೂಡಬೇಕಿತ್ತು. ತಂದೆಗೆ ಕಂಡದ್ದು ಆಟ ಮಾತ್ರ, ಏಕೆಂದರೆ ಅದು ಪರದೆಯ ಮೇಲಿತ್ತು.

ಹಸು ಕೊಟ್ಟಿಗೆಯಲ್ಲೇ ಉಳಿಯಿತು. ವೈರಿಂಗ್ ಕೆಲಸ ಮಾಡುವ ಇನ್ನೊಬ್ಬ ಶಿಷ್ಯ ಬಂದು ಕಂಪ್ಯೂಟರಿಗೆ ಬೇರೆಯದೇ ಒಂದು ಪ್ಲಗ್ ಪಾಯಿಂಟ್ ಎಳೆದ, ಸತ್ತಂತಿದ್ದ ಅರ್ಥಿಂಗ್ ಸರಿಮಾಡಿದ. ತಕ್ಕ ಸಾಮರ್ಥ್ಯದ ಯು.ಪಿ.ಎಸ್. ತಂದರು. ಎಲ್ಲ ಸೇರಿ ಕಾರ್ಡಿಗೆ ಹೇಳಿದ್ದ ಬೆಲೆಯ ಅರ್ಧವೂ ಆಗಲಿಲ್ಲ. ಹಳೆಯ ಯು.ಪಿ.ಎಸ್.ಗೆ ಹೊಸ ಬ್ಯಾಟರಿ ಹಾಕಿ ವೈಫೈ ಪೆಟ್ಟಿಗೆಗೂ ಒಂದು ದೀಪಕ್ಕೂ ಕೊಟ್ಟಿದ್ದಾರೆ. ತಂದೆ ಮಗನಿಗೆ ಏನು ಹೇಳಿದರೆಂದು ನಾನು ವಿಚಾರಿಸಲಿಲ್ಲ. ಮರುದಿನ ಇಬ್ಬರೂ ಒಂದೇ ಬೈಕಿನಲ್ಲಿ ನಂಜನಗೂಡಿಗೆ ಹೋದದ್ದನ್ನು ಕಂಡೆ.

ಇದನ್ನು ನೋಡುತ್ತಿದ್ದಾಗ ನನಗೆ ನೆನಪಾದದ್ದು ಶಿವನಸಮುದ್ರ. ನಮ್ಮ ಕಪಿಲೆ ನಂಜನಗೂಡನ್ನು ದಾಟಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆ ನೀರು ಮುಂದೆ ಹೋಗಿ ಧುಮುಕುವುದು ಅಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾಗಿ, ಇಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅವರ ಯೋಜನೆಯಂತೆ ಕಟ್ಟಿದ ವಿದ್ಯುದಾಗಾರ ಅಲ್ಲಿ ಕೆಲಸ ಆರಂಭಿಸಿತು. 1902ರ ಜೂನ್ 30ರಂದು ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ತಂತಿಯ ಉದ್ದ 92 ಮೈಲಿ, ಸುಮಾರು 148 ಕಿಲೋಮೀಟರು; ಆ ಕಾಲಕ್ಕೆ ಜಗತ್ತೇ ಬೆರಗಾಗಿ ನೋಡಿದ ದೂರ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಮೊದಲು ಗಣಿ, ಆಮೇಲೆ ಬೀದಿ. ಇದನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನಿಂದ "ಅರಮನೆಗೆ ಮೊದಲು ಬರಲಿಲ್ವಾ ಸಾರ್" ಎಂಬ ಪ್ರಶ್ನೆ ಬಂದೇ ಬರುತ್ತಿತ್ತು.

ಗಣಿಗೆ ವಿದ್ಯುತ್ ಬೇಕಾದದ್ದು ದೀಪಕ್ಕಷ್ಟೇ ಅಲ್ಲ. ಮೇಲಕ್ಕೆತ್ತುವ ಯಂತ್ರ, ಅದಿರು ಕುಟ್ಟುವ ಯಂತ್ರ, ತಳದ ನೀರು ಹೊರಹಾಕುವ ಪಂಪು ಎಲ್ಲವೂ ಅದನ್ನು ನೆಚ್ಚಿದ್ದವು. ಬೇಸಿಗೆ ಬಂತೆಂದರೆ ಅಲ್ಲಿ ವಿದ್ಯುತ್ತಿಗೆ ಕೊರತೆ. ಕೊರತೆ ಕಾಣಿಸಿಕೊಂಡದ್ದು ಕೋಲಾರದಲ್ಲಿ. ಅಲ್ಲಿನ ಯಂತ್ರಗಳನ್ನು ಎಷ್ಟು ಬಿಚ್ಚಿ ನೋಡಿದರೂ ಕಾರಣ ಸಿಗುವಂತಿರಲಿಲ್ಲ. 92 ಮೈಲಿ ತಂತಿಯನ್ನು ಕಂಬ ಕಂಬ ಹತ್ತಿ ಪರೀಕ್ಷಿಸಿದ್ದರೂ ಸಿಗುತ್ತಿರಲಿಲ್ಲ. ಕಾರಣ ತಂತಿಯ ಇನ್ನೊಂದು ತುದಿಗಿಂತಲೂ ಆಚೆ, ಕಾವೇರಿಯ ಹರಿವಿನಲ್ಲಿತ್ತು. ಮಳೆಗಾಲದಲ್ಲಿ ಬೇಕಾದುದಕ್ಕಿಂತ ಎಷ್ಟೋ ಪಟ್ಟು ನೀರು ಸುಮ್ಮನೆ ಹರಿದು ಹೋಗುತ್ತಿತ್ತು, ಬೇಸಿಗೆಯಲ್ಲಿ ಚಕ್ರ ತಿರುಗಿಸುವಷ್ಟು ಇರುತ್ತಿರಲಿಲ್ಲ. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು ಕನ್ನಂಬಾಡಿಯಲ್ಲಿ ಅಣೆಕಟ್ಟು ಬೇಕೆಂದು ವಾದಿಸಿದಾಗ ಮಂಡ್ಯದ ಗದ್ದೆಗಳಷ್ಟೇ ಅವರ ಕಣ್ಣ ಮುಂದಿರಲಿಲ್ಲ. ಶಿವನಸಮುದ್ರಕ್ಕೆ ವರ್ಷವಿಡೀ ಒಂದೇ ಸಮನೆ ನೀರು ಕೊಡುವುದು, ಆ ಮೂಲಕ ಗಣಿಗಳಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದು ಅವರ ಮುಖ್ಯ ವಾದಗಳಲ್ಲೊಂದು. 1911ರಲ್ಲಿ ಕೆಲಸ ಆರಂಭವಾಗಿ ಸುಮಾರು ಎರಡು ದಶಕ ನಡೆಯಿತು. ಕೆ.ಆರ್.ಎಸ್.ಗೆ ಪ್ರವಾಸ ಕರೆದುಕೊಂಡು ಹೋದಾಗ ನೀವೆಲ್ಲ ಬೃಂದಾವನದ ಕಾರಂಜಿ ಯಾವಾಗ ಬಿಡುತ್ತಾರೆ ಎಂದು ಕಾದಿರಿ. ಆ ಕಟ್ಟೆಯ ಹುಟ್ಟಿನ ಹಿಂದೆ ಕೋಲಾರದ ಗಣಿಯೊಳಗಿನ ವಿದ್ಯುತ್ ಕೊರತೆಯೂ ಇತ್ತು ಎಂದು ಆಗ ಹೇಳಿದ್ದೆ. ಯಾರಿಗೆ ನೆನಪಿದೆಯೋ ಕಾಣೆ.

ಕಂಪ್ಯೂಟರಿನ ಒಳಗೂ ಒಂದು ಪುಟ್ಟ ಕನ್ನಂಬಾಡಿ ಇದೆ. ನಮ್ಮವರು ಎಸ್.ಎಂ.ಪಿ.ಎಸ್. ಎಂದು ಕರೆಯುವ ಪೆಟ್ಟಿಗೆಯಲ್ಲಿ ಹೆಬ್ಬೆರಳಿಗಿಂತ ದಪ್ಪನಾದ ಒಂದು ಕೆಪಾಸಿಟರು ಇರುತ್ತದೆ. ಗೋಡೆಯ ವಿದ್ಯುತ್ ಸೆಕೆಂಡಿಗೆ 50 ಬಾರಿ ಏರಿಳಿಯುವಂಥದ್ದು. ಒಂದು ಆವರ್ತಕ್ಕೆ 20 ಮಿಲಿಸೆಕೆಂಡು. ಅದು ಕೈಕೊಟ್ಟರೆ ಒಳ್ಳೆಯ ಎಸ್.ಎಂ.ಪಿ.ಎಸ್. ಸುಮಾರು 16 ಮಿಲಿಸೆಕೆಂಡು ತನ್ನಲ್ಲಿ ಕೂಡಿಟ್ಟದ್ದರಿಂದಲೇ ಯಂತ್ರವನ್ನು ನಡೆಸುತ್ತದೆ, ಅಷ್ಟರೊಳಗೆ ಯು.ಪಿ.ಎಸ್. ಬಂದು ಹೊರೆ ಹೊತ್ತುಕೊಳ್ಳಬೇಕು. ಅಗ್ಗದ ಪೆಟ್ಟಿಗೆಯಲ್ಲಿ ಉಳಿತಾಯ ಮಾಡುವುದು ಇಂಥ ಜಾಗದಲ್ಲಿಯೇ. 2000ದ ಮೊದಲ ವರ್ಷಗಳಲ್ಲಿ ದೋಷವುಳ್ಳ ಕೆಪಾಸಿಟರುಗಳು ಜಗತ್ತಿನಾದ್ಯಂತ ಲಕ್ಷಗಟ್ಟಲೆ ಯಂತ್ರಗಳನ್ನು ಸೇರಿಕೊಂಡಿದ್ದವು. ಶಾಲೆಯೊಂದರ ಕಂಪ್ಯೂಟರ್ ಕೋಣೆಯಲ್ಲಿ ಅವುಗಳ ತಲೆ ಪೂರಿಯಂತೆ ಉಬ್ಬಿ ಕಂದು ಬಣ್ಣ ಒಸರಿದ್ದನ್ನು ನಾನೇ ಕಂಡಿದ್ದೇನೆ. ಆ ಯಂತ್ರಗಳನ್ನು ಮಕ್ಕಳು "ಮುಟ್ಟಿ ಮುಟ್ಟಿ" ಕೆಡಿಸಿದರೆಂದೇ ಎಲ್ಲರೂ ಹೇಳುತ್ತಿದ್ದರು.

ಕಳಲೆಯವನಾಗಿ ದಳವಾಯಿಗಳ ವಿಷಯ ಎತ್ತದೆ ಮುಂದೆ ಹೋದರೆ ನಿಮಗೇ ಆಶ್ಚರ್ಯವಾದೀತು. 1734ರಿಂದ ಮೈಸೂರಿನ ಸಿಂಹಾಸನದ ಮೇಲೆ ಇಮ್ಮಡಿ ಕೃಷ್ಣರಾಜ ಒಡೆಯರು. ಅಧಿಕಾರ ಕಳಲೆಯ ಮನೆತನದ ದೇವರಾಜಯ್ಯ, ನಂಜರಾಜಯ್ಯ ಸೋದರರದು. ಪರದೆಯ ಮೇಲೊಬ್ಬರು, ಪರದೆಯ ಹಿಂದೆ ಇಬ್ಬರು. 1758ರಲ್ಲಿ ಸಂಬಳ ಸಿಗದ ಸೈನಿಕರು ಶ್ರೀರಂಗಪಟ್ಟಣದಲ್ಲಿ ನಂಜರಾಜಯ್ಯನ ಮನೆ ಬಾಗಿಲಲ್ಲೇ ಧರಣಿ ಕೂತರು. ಬಾಕಿ ತೀರಿಸಿ ಅವರನ್ನು ಎಬ್ಬಿಸಿದ ಹೈದರ್ ಅಲಿ ಮೂರೇ ವರ್ಷದಲ್ಲಿ ರಾಜ್ಯದ ಯಜಮಾನನಾದ. ಯಂತ್ರ ನಿಂತದ್ದು ಶ್ರೀರಂಗಪಟ್ಟಣದಲ್ಲಿ. ಬೊಕ್ಕಸ ಬರಿದಾದದ್ದು ಬಹುಮಟ್ಟಿಗೆ ಅದಕ್ಕೆ ಮುಂಚೆಯೇ, ತಿರುಚಿನಾಪಳ್ಳಿಯ ಕೋಟೆಯ ಮುಂದೆ ವರ್ಷಗಟ್ಟಲೆ ನಡೆಸಿದ ದಂಡಯಾತ್ರೆಯಲ್ಲಿ. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯುವುದಿಲ್ಲ. ಎಳೆದರೆ ಹೈದರನನ್ನು ಎಸ್.ಎಂ.ಪಿ.ಎಸ್. ಎನ್ನಬೇಕಾದೀತು.

ದೊಡ್ಡ ದೊಡ್ಡ ಕಂಪನಿಗಳ ಯಂತ್ರಗಳಲ್ಲೂ ಇದೇ ಕತೆ ಮರುಕಳಿಸಿದೆ. ಇತ್ತೀಚಿನದು ಇಂಟೆಲ್‌ನದು. ಅದರ 13 ಮತ್ತು 14ನೇ ತಲೆಮಾರಿನ ಕೆಲವು ಪ್ರೊಸೆಸರುಗಳಿದ್ದ ಯಂತ್ರಗಳಲ್ಲಿ ಆಟಗಳು ನಡುವೆಯೇ ಮುಚ್ಚಿಹೋಗುತ್ತಿದ್ದವು. ಪರದೆಯ ಮೇಲೆ ಬರುತ್ತಿದ್ದ ಸೂಚನೆ: ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಸಾಲದು. ಸೂಚನೆಯನ್ನು ನಂಬಿ ಜನ ಕಾರ್ಡನ್ನು ದೂರಿದರು. 24 ಜಿ.ಬಿ. ಮೆಮೊರಿಯ ಕಾರ್ಡು ಹಾಕಿಕೊಂಡವರಿಗೂ ಅದೇ ಸೂಚನೆ ಬಂದಾಗ ಅನುಮಾನ ಶುರುವಾಯಿತು. 2024ರ ಜುಲೈನಲ್ಲಿ ಇಂಟೆಲ್ ಒಪ್ಪಿಕೊಂಡಿತು: ಪ್ರೊಸೆಸರಿನ ಒಳಗಿನ ಸೂಚನಾಕ್ರಮ ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜು ಬೇಡುತ್ತಿತ್ತು, ಅದರಿಂದ ಪ್ರೊಸೆಸರು ಕ್ರಮೇಣ ಸವೆಯುತ್ತಿತ್ತು. ಆಗಸ್ಟಿನಲ್ಲಿ ತಿದ್ದುಪಡಿ ಬಂತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. ಅಷ್ಟರಲ್ಲಿ ಸವೆದದ್ದು ಸವೆದಿತ್ತು.

ಗ್ರಾಫಿಕ್ಸ್ ಕಾರ್ಡುಗಳೇನೂ ನಿರಪರಾಧಿಗಳಲ್ಲ. 1999ರಲ್ಲಿ ಎನ್‌ವಿಡಿಯಾ ತನ್ನ ಜಿಫೋರ್ಸ್ 256 ಅನ್ನು ಜಿ.ಪಿ.ಯು. ಎಂಬ ಹೆಸರಿನಿಂದ ಮಾರಿದಾಗ ಕಾರ್ಡಿಗೆ ಬೇಕಾದ ವಿದ್ಯುತ್ತೆಲ್ಲ ಅದು ಕೂತ ಗಾಡಿಯಿಂದಲೇ ಸಿಗುತ್ತಿತ್ತು. 2025ರ ಜನವರಿಯಲ್ಲಿ ಬಂದ ಆರ್‌ಟಿಎಕ್ಸ್ 5090ಕ್ಕೆ ಬೇಕಾದದ್ದು 575 ವ್ಯಾಟ್, ಅಂದರೆ ಮುಕ್ಕಾಲು ಅಶ್ವಶಕ್ತಿ. ಮನೆಯ ಬಾವಿಯಿಂದ ನೀರೆತ್ತುವ ಸಣ್ಣ ಮೋಟಾರಿಗೆ ಸಮ. ಅದೂ ಒಂದೇ ಸಮನೆ ಎಳೆಯುವುದಿಲ್ಲ. ಆಟದಲ್ಲಿ ದೃಶ್ಯ ಹಠಾತ್ತನೆ ಬದಲಾದಾಗ ಕ್ಷಣದ ಒಂದು ಚೂರಿನಷ್ಟು ಕಾಲ ಹೇಳಿದ್ದಕ್ಕಿಂತ ಬಹಳ ಹೆಚ್ಚು ಎಳೆದುಬಿಡುತ್ತದೆ. 2020ರಲ್ಲಿ ಆರ್‌ಟಿಎಕ್ಸ್ 3080, 3090 ಬಂದಾಗ ಆಟಗಳು ಬಿದ್ದುಹೋಗುತ್ತಿವೆಯೆಂಬ ದೂರುಗಳೆದ್ದು, ವಾರಗಳಲ್ಲೇ ಹೊಸ ಡ್ರೈವರ್ ಕೊಡಬೇಕಾಯಿತು. 2022ರಲ್ಲಿ ಪ್ರಕಟವಾದ ಎ.ಟಿ.ಎಕ್ಸ್. 3.0 ಎಂಬ ಎಸ್.ಎಂ.ಪಿ.ಎಸ್. ಮಾನದಂಡ ಇಂಥ ಕ್ಷಣಿಕ ಎಳೆತವನ್ನು, ಹೇಳಿದ ಸಾಮರ್ಥ್ಯದ ಎರಡು ಪಟ್ಟಿನವರೆಗೆ, ತಾಳಿಕೊಳ್ಳಬೇಕೆಂದು ವಿಧಿಸಿತು. ಡ್ರೈವರುಗಳ ತಪ್ಪೂ ಉಂಟು. 2010ರ ಮಾರ್ಚಿನಲ್ಲಿ ಎನ್‌ವಿಡಿಯಾ ತನ್ನ 196.75 ಎಂಬ ಡ್ರೈವರನ್ನು ಹಿಂತೆಗೆದುಕೊಂಡಿತು. ಅದು ಕಾರ್ಡಿನ ಫ್ಯಾನನ್ನು ಸರಿಯಾಗಿ ತಿರುಗಿಸದೆ ಕಾರ್ಡು ಕಾಯುತ್ತಿತ್ತು. 2025ರ ಮೊದಲ ತಿಂಗಳುಗಳಲ್ಲೂ ಕಪ್ಪು ಪರದೆಯ ದೂರುಗಳನ್ನು ಅದೇ ಕಂಪನಿ ಒಪ್ಪಿಕೊಂಡು ಒಂದರ ಮೇಲೊಂದು ತಿದ್ದುಪಡಿ ಬಿಟ್ಟಿತು. ಆದ್ದರಿಂದ ಡ್ರೈವರ್ ಹಾಕಿದ ಮರುದಿನದಿಂದ ತೊಂದರೆ ಶುರುವಾಗಿದ್ದರೆ ಹಿಂದಿನ ಡ್ರೈವರಿಗೆ ಮರಳಿ ನೋಡಿ. ದಿನಾಂಕ ಬರೆದಿಟ್ಟವರಿಗೆ ಮಾತ್ರ ಇದು ಹೊಳೆಯುತ್ತದೆ.

ಕತ್ತಲೆಯೆಲ್ಲ ಸಾವಲ್ಲ ಎಂಬುದನ್ನೂ ಹೇಳಬೇಕು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲ ಕುಸಿದು, ಎರಡನೆಯ ದಿನ 60 ಕೋಟಿಗೂ ಹೆಚ್ಚು ಜನರ ನಾಡು ಕತ್ತಲಾಯಿತಲ್ಲ, ಆಗ ಬೀನಾ-ಗ್ವಾಲಿಯರ್ ಮಾರ್ಗ ಕಡಿದು ಬಿದ್ದಿರಲಿಲ್ಲ. ಹೊರೆ ಹೆಚ್ಚಾಗಿ ರಕ್ಷಣೆಯ ರಿಲೇ ಅದನ್ನು ಬೇರ್ಪಡಿಸಿತ್ತು. ಕರ್ನಾಟಕ ಆಗ ಪ್ರತ್ಯೇಕವಾಗಿ ನಡೆಯುತ್ತಿದ್ದ ದಕ್ಷಿಣ ಜಾಲದಲ್ಲಿದ್ದುದರಿಂದ ನಮ್ಮ ದೀಪಗಳು ಉರಿದವು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ನಾವೂ ರಾಷ್ಟ್ರದ ಜಾಲಕ್ಕೆ ಸೇರಿದೆವು. ಕಂಪ್ಯೂಟರೂ ಹಾಗೆಯೇ: ಬಿಸಿ ಮೇರೆ ಮೀರಿದಾಗ ಪ್ರೊಸೆಸರು ತಾನೇ ನಿಲ್ಲಿಸುತ್ತದೆ, ಕರೆಂಟು ಮೀರಿದಾಗ ಎಸ್.ಎಂ.ಪಿ.ಎಸ್. ತಾನೇ ಬಾಗಿಲು ಮುಚ್ಚುತ್ತದೆ. ಅವು ಕೆಟ್ಟಿಲ್ಲ, ಕೆಡದಿರಲೆಂದು ನಿಂತಿವೆ.

ಕೇಳಿದ ಮೂವರಿಗೂ ಈಗ ನನ್ನ ಸಲಹೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ವಾಸಿಯಾದರೂ ಯಾವುದರಿಂದ ಎಂದು ತಿಳಿಯದು. ಖರ್ಚಿಲ್ಲದ್ದನ್ನು ಮೊದಲು ಮಾಡಿ: ಕೇಬಲ್ಲನ್ನು ಬಿಚ್ಚಿ ಮತ್ತೆ ಸಿಕ್ಕಿಸಿ, ಬೇರೆ ಕೇಬಲ್ ಹಾಕಿ, ನೆರೆಮನೆಯ ಮಾನಿಟರಿಗೆ ಜೋಡಿಸಿ ನೋಡಿ. ಕತ್ತಲಾದ ಪರದೆಗೆ ಟಾರ್ಚು ಹಿಡಿದಾಗ ಚಿತ್ರ ಮಸುಕಾಗಿ ಕಂಡರೆ ಹೋಗಿರುವುದು ಮಾನಿಟರಿನ ಹಿಂಬೆಳಕು ಮಾತ್ರ. ಆಮೇಲೆ ಆಟದ ಸೆಟ್ಟಿಂಗಿನಲ್ಲಿ ಸೆಕೆಂಡಿಗೆ 30 ಅಥವಾ 60 ಚಿತ್ರಕ್ಕೆ ಮಿತಿ ಹಾಕಿ ಎರಡು ದಿನ ಆಡಲಿ. ಆಗ ಕಪ್ಪಾಗುವುದು ನಿಂತರೆ ಬಿಸಿಯನ್ನೋ ವಿದ್ಯುತ್ತನ್ನೋ ಸಂಶಯಿಸಬೇಕು. ನಿಲ್ಲದಿದ್ದರೆ ಡ್ರೈವರ್, ಮೆಮೊರಿ, ಆಟದ ಕಡತ ಇತ್ಯಾದಿ. ಗೋಡೆಯ ಪ್ಲಗ್ಗಿಗೆ ನೇರವಾಗಿ ಒಂದು ಸಂಜೆ ಜೋಡಿಸಿ ನೋಡಿದರೆ ಯು.ಪಿ.ಎಸ್. ಪಾತ್ರ ಗೊತ್ತಾಗುತ್ತದೆ. ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಮಾತ್ರ ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರು ಕೊಲ್ಲುವಷ್ಟು ವಿದ್ಯುತ್ ಹಿಡಿದಿಟ್ಟಿರುತ್ತದೆ.

ಕೆನಡಾದಲ್ಲಿರುವ ಶಿಷ್ಯೆ ತನ್ನ ಮಗನ ಯಂತ್ರ ಚಳಿಗಾಲದಲ್ಲಿ ಸರಿಯಾಗಿದ್ದು ಜುಲೈನಲ್ಲಿ ಮಾತ್ರ ನಿಲ್ಲುತ್ತದೆ ಎಂದು ಬರೆದಿದ್ದಾಳೆ. ತಾಯಿ, ನೀನು ಕಾಲಾನುಕ್ರಮಣಿಕೆಯನ್ನು ನನಗಿಂತ ಮೊದಲೇ ಬರೆದಿದ್ದೀಯೆ. ಡಬ್ಬಿಯ ಬದಿ ತೆಗೆದು ಫ್ಯಾನಿನ ಹಿಂದಿನ ಲೋಹದ ಸೀಳುಗಳಲ್ಲಿ ಎಷ್ಟು ಧೂಳಿದೆ ನೋಡಿ ತಿಳಿಸು. ಫ್ಯಾನನ್ನು ಬೆರಳಿನಿಂದ ಹಿಡಿದುಕೊಂಡೇ ಊದಬೇಕು, ತಿರುಗಲು ಬಿಡಬಾರದು. ಆ ಯಂತ್ರವನ್ನು ಗೋಡೆಗೆ ಒತ್ತಿ ಇಟ್ಟಿದ್ದರೆ ಒಂದು ಗೇಣು ಈಚೆಗೆ ಎಳೆದಿಡು.